ಶಾಲಾ ಸಮಿತಿಯ ಸಭೆಯೂ ನಮ್ಮ ತೋಟದ ಲೈನೂ



ಕಾಫಿ ಹಣ್ಣಿನ ಕೊಯ್ಲು, ಅಡಿಕೆ ಸುಲಿತ ಎರಡೂ ಒಮ್ಮೆಗೇ ಮೇಲೆ ಬಿದ್ದಿರುವ ಈ ದಿನಗಳಲ್ಲಿ ಶಾಲೆಯ ವಿಷಯವನ್ನು ಸಂಘದ ಪತ್ರಿಕೆಯಲ್ಲಿ ಪ್ರಸ್ತಾಪಿಸುವುದು ಕೆಲವರಿಗೆ ಅಕಾಲಿಕವೆನಿಸಬಹುದು. ಕೊಳೆರೋಗದ ಔಷಧಿ, ಕಾಂಡಕೊರಕದ ಹತೋಟಿ, ಗೊಬ್ಬರದ ದಾಸ್ತಾನು ಇವುಗಳ ಬಗ್ಗೆ ಬರೆಯಬೇಕಾದ ಕಾರ್ಯದರ್ಶಿಗೆ ಶಾಲೆಯ ಉಸಾಬರಿ ಏಕೆ ಎಂದು ಕೇಳುವವರೂ ಇದ್ದಾರೆ. ಅವರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ನಾವು ಹೇಳಹೊರಟಿರುವ ಸಂಗತಿ ನಡೆದದ್ದು ಕಳೆದ ಕೊಯ್ಲಿನ ಕಾಲದಲ್ಲೇ; ಅದರ ಬೇರು ಇರುವುದೂ ಶಾಲೆಯ ಅಂಗಳಕ್ಕಿಂತ ಹೆಚ್ಚಾಗಿ ನಮ್ಮ ತೋಟಗಳಲ್ಲಿ.

ನಮ್ಮ ಹೋಬಳಿಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ನಮಗೆ ಕರೆ ಬಂದಿತ್ತು. ನಾವು ಅಲ್ಲಿಯ ಹಳೆಯ ವಿದ್ಯಾರ್ಥಿ. ಆಗೀಗ ಸುಣ್ಣಬಣ್ಣಕ್ಕೆ ನಾಲ್ಕು ಕಾಸು ಕೊಟ್ಟವರು. ಸಭೆ ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ. ಹೋಗಿ ನೋಡಿದರೆ ಮುಖ್ಯೋಪಾಧ್ಯಾಯರು, ಸಹಶಿಕ್ಷಕಿ, ಸಮಿತಿಯ ಅಧ್ಯಕ್ಷರು, ಗ್ರಾಮ ಪಂಚಾಯಿತಿಯ ಒಬ್ಬ ಸದಸ್ಯರು, ಇಬ್ಬರು ಪಾಲಕರು. ಇವರಲ್ಲದೆ ನಮ್ಮಂಥ ಬೆಳೆಗಾರರು ನಾಲ್ವರು. ನಮ್ಮ ನಾಲ್ವರ ಪೈಕಿ ಯಾರ ಮನೆಯ ಮಕ್ಕಳೂ ಆ ಶಾಲೆಯಲ್ಲಿ ಓದುತ್ತಿಲ್ಲ. ಎಲ್ಲರ ಮಕ್ಕಳೂ ಹಳದಿ ವ್ಯಾನಿನಲ್ಲಿ ಪೇಟೆಯ ಇಂಗ್ಲಿಷ್ ಶಾಲೆಗೆ ಹೋದವರೇ ಅಥವಾ ಹೋಗುತ್ತಿರುವವರೇ. ನಮ್ಮ ಮಕ್ಕಳೂ ಹಾಗೆಯೇ ಹೋದರು. ಅದನ್ನು ಮುಚ್ಚಿಟ್ಟು ಕನ್ನಡ ಶಾಲೆಯ ಬಗ್ಗೆ ಭಾಷಣ ಮಾಡುವ ಇರಾದೆ ನಮಗಿಲ್ಲ. ಆದರೂ ಆ ದಿನ ಎರಡೂವರೆ ಗಂಟೆ ನಡೆದ ಸಭೆಯಲ್ಲಿ ಮಾತೆಲ್ಲ ನಮ್ಮ ನಾಲ್ವರದೇ ಆಗಿತ್ತು.

ಈ ಸಮಿತಿಗಳು ಹುಟ್ಟಿದ್ದು ಹೇಗೆಂದು ಇಲ್ಲಿ ಸ್ವಲ್ಪ ನೆನಪಿಸುವುದು ಅಪ್ರಸ್ತುತವಾಗಲಾರದು. ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯ ಮೇರೆಗೆ ಕರ್ನಾಟಕ ಸರ್ಕಾರ 2001ರಲ್ಲಿ ಇವುಗಳನ್ನು ರಚಿಸಿತು. ಅದಕ್ಕೆ ಮೊದಲು ಇದ್ದ ಗ್ರಾಮ ಶಿಕ್ಷಣ ಸಮಿತಿಗಳಲ್ಲಿ ಊರಿನ ಮುಖಂಡರದೇ ಪ್ರಾಬಲ್ಯವೆಂಬ ದೂರಿತ್ತು. ಮಕ್ಕಳನ್ನು ಕಳಿಸುವ ತಂದೆತಾಯಿಗಳ ಕೈಗೆ ಶಾಲೆಯ ಮೇಲುಸ್ತುವಾರಿ ಬರಲಿ ಎಂಬುದು ಹೊಸ ಏರ್ಪಾಡಿನ ಉದ್ದೇಶ. ಅನಂತರ ಕೇಂದ್ರದ 2009ರ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಇನ್ನೂ ಗಟ್ಟಿ ಮಾಡಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆ ಕಾಯ್ದೆಯ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಅರ್ಧದಷ್ಟು ಮಂದಿ ಹೆಂಗಸರಿರಬೇಕು, ದುರ್ಬಲ ವರ್ಗದ ಮಕ್ಕಳ ಪಾಲಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನವಿರಬೇಕು. ಶಾಲೆಯ ಕೆಲಸ ನೋಡುವುದು, ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಅನುದಾನ ಎಲ್ಲಿ ಹೋಯಿತೆಂದು ಕೇಳುವುದು ಅವರ ಅಧಿಕಾರ. ಕಾಗದದಲ್ಲಿ ಇಷ್ಟೂ ಇದೆ, ನಡವಳಿ ಪುಸ್ತಕದಲ್ಲೂ ಇದೆ. ಸಭೆ ಮುಗಿದ ಮೇಲೆ ಪುಸ್ತಕ ಮನೆಮನೆಗೆ ಹೋಗಿ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ಬರುತ್ತದೆ. ಸಂಘದ ಕೋರಂಗಾಗಿ ವರ್ಷವರ್ಷವೂ ಪರದಾಡುವ ನಮಗೆ ಈ ವಿದ್ಯೆ ಹೊಸದಲ್ಲವಾದ್ದರಿಂದ ಮುಖ್ಯೋಪಾಧ್ಯಾಯರನ್ನು ದೂರಲು ಮನಸ್ಸು ಬರಲಿಲ್ಲ.

ಆ ದಿನದ ಕಾರ್ಯಸೂಚಿಯಲ್ಲಿ ಮೂರು ವಿಷಯಗಳಿದ್ದವು. ಸೋರುವ ಮಾಡು, ಮೊಟ್ಟೆ ಮತ್ತು ಶಾಲೆಗಳ ವಿಲೀನದ ಸುದ್ದಿ. ಮೊದಲು ಎತ್ತಿಕೊಂಡದ್ದು ಮೊಟ್ಟೆಯನ್ನು. ಅದು ಒಂದೂವರೆ ಗಂಟೆ ನುಂಗಿತು.

ಶಾಲೆ ನಿಂತಿರುವ ಜಾಗ ನಮ್ಮ ನಾಲ್ವರಲ್ಲಿ ಒಬ್ಬರ ಅಜ್ಜ ಕೊಟ್ಟದ್ದು. ಆ ಮಹನೀಯರು ಬಹಳ ಮರ್ಯಾದೆಯಿಂದಲೇ, ಆದರೆ ಖಂಡಿತವಾಗಿ, ಆ ಕಟ್ಟಡದಲ್ಲಿ ಮೊಟ್ಟೆ ಬೇಯಿಸುವುದು ತಮ್ಮ ಹಿರಿಯರ ಮನಸ್ಸಿಗೆ ವಿರುದ್ಧವೆಂದರು. ಅವರ ನೋವು ಸುಳ್ಳಲ್ಲ. ನಾವೂ ಮೊಟ್ಟೆ ತಿನ್ನುವ ಮನೆಯವರಲ್ಲ. ಆದರೆ ಯೋಜನೆ ಯಾರ ಮೇಲೂ ಮೊಟ್ಟೆಯನ್ನು ಹೇರಿಲ್ಲ. ಮಧ್ಯಾಹ್ನದ ಊಟ 2002ರಲ್ಲಿ ಅಕ್ಷರ ದಾಸೋಹವೆಂಬ ಹೆಸರಿನಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ರಾಜ್ಯಕ್ಕೆಲ್ಲ ಹಬ್ಬಿತು. 2013ರ ಆಗಸ್ಟ್ 1ರಿಂದ ಹಾಲು ಸೇರಿತು. ಮೊಟ್ಟೆ ಮೊದಲು 2021ರ ಕೊನೆಯಲ್ಲಿ ಉತ್ತರದ ಕೆಲವು ಜಿಲ್ಲೆಗಳಿಗೆ ಬಂದು ಮುಂದಿನ ಶೈಕ್ಷಣಿಕ ವರ್ಷದಲ್ಲಿ ನಮ್ಮ ಕಡೆಗೂ ಬಂತು. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಅದು ವಾರದ ಆರೂ ದಿನಕ್ಕೆ ವಿಸ್ತರಿಸಿತು. ಬೇಡವೆಂದ ಮಗುವಿಗೆ ಬಾಳೆಹಣ್ಣು. ಮಲೆನಾಡಿನಲ್ಲಿ ಬಾಳೆಹಣ್ಣಿಗೆ ಬರವಿಲ್ಲ.

ವಾದ ಬಿಸಿಯಾಗುತ್ತಿದ್ದಾಗ ಅಡುಗೆಯಾಕೆ ಬಾಗಿಲ ಬಳಿ ನಿಂತಿದ್ದಳು. “ಎಷ್ಟು ಮಕ್ಕಳು ಹಣ್ಣು ಕೇಳ್ತಾರಮ್ಮ?” ಎಂದೆವು. “ಮೂರೇ ಜನ ಅಯ್ಯ. ಅದ್ರಲ್ಲೂ ಒಬ್ಬ ಒಂದೊಂದಿನ ಮೊಟ್ಟೆ ಕೊಡಿ ಅಂತಾನೆ” ಎಂದಳು. ಆ ಒಬ್ಬ ಯಾರೆಂದು ಯಾರೂ ಕೇಳಲಿಲ್ಲ, ಒಳ್ಳೆಯದೇ ಆಯಿತು. ಉಳಿದ ಮಕ್ಕಳು ಮೊಟ್ಟೆ ತಿನ್ನುವವರು; ಲೈನು ಮನೆಗಳಿಂದ, ಕಾಲೊನಿಯಿಂದ ಬರುವವರು. ಅವರ ತಂದೆತಾಯಿಗಳಲ್ಲಿ ಒಬ್ಬರೂ ಆ ಒಂದೂವರೆ ಗಂಟೆಯಲ್ಲಿ ಬಾಯಿ ತೆರೆಯಲಿಲ್ಲ. ತೆರೆಯುವುದು ಹೇಗೆ? ಅವರೆಲ್ಲ ಆ ಹೊತ್ತಿನಲ್ಲಿ ನಮ್ಮ ತೋಟಗಳಲ್ಲಿ ಹಣ್ಣು ಕೊಯ್ಯುತ್ತಿದ್ದರು.

ನಾವು 1970ರ ದಶಕದ ಕೊನೆಯಲ್ಲಿ ಅದೇ ಶಾಲೆಯಲ್ಲಿ ಕುಳಿತು ಕೇರ್ ಸಂಸ್ಥೆಯ ಉಪ್ಪಿಟ್ಟು ತಿಂದವರು. ಯಾರು ಮಾಡಿದ್ದೋ ಏನೋ, ತಿನ್ನಬೇಡವೆಂದು ಮನೆಯಲ್ಲಿ ಕಟ್ಟಪ್ಪಣೆಯಾಗಿತ್ತು. ಮಳೆಗಾಲದಲ್ಲಿ ಮೂರು ಮೈಲಿ ನೆನೆದು ಬಂದ ಹೊಟ್ಟೆ ಅಪ್ಪಣೆಯನ್ನು ಕೇಳುವುದಿಲ್ಲ. ಬಾಳೆಯೆಲೆಯ ಮೇಲೆ ಬಿದ್ದ ಆ ಬಿಸಿ ಉಪ್ಪಿಟ್ಟಿನ ವಾಸನೆ ಇಂದಿಗೂ ಮೂಗಿನಲ್ಲಿದೆ. ಯಾರ ಮಕ್ಕಳು ಏನು ತಿನ್ನಬೇಕೆಂಬುದನ್ನು ಆ ಮಕ್ಕಳ ಮನೆಯವರು ಹೇಳಲಿ. ನಮ್ಮ ಮನೆಯ ಪಂಕ್ತಿಯ ನಿಯಮ ನಮ್ಮ ಮನೆಗಿರಲಿ ಎಂದು ನಾವು ಹೇಳಿದೆವು. ಸ್ನೇಹಿತರಿಗೆ ಬೇಸರವಾಯಿತು. ಈಗಲೂ ಪೂರ್ತಿ ಹೋಗಿಲ್ಲ.

ಇದರಲ್ಲಿ ಚರ್ಚೆಗೆ ಯೋಗ್ಯವಾದ ಇನ್ನೊಂದು ಸಂಗತಿಯಿತ್ತು, ಅದು ಹಾಗೆಯೇ ಜಾರಿಹೋಯಿತು. ಮೊಟ್ಟೆಯೊಂದಕ್ಕೆ ಬೇಯಿಸುವ, ಸುಲಿಯುವ ಖರ್ಚೂ ಸೇರಿ 6 ರೂಪಾಯಿಯಂತೆ ಆರಂಭದಲ್ಲಿ ನಿಗದಿಯಾಗಿತ್ತು. ಪೇಟೆಯ ಧಾರಣೆ ಅದನ್ನು ದಾಟಿದ ತಿಂಗಳುಗಳಲ್ಲಿ ವ್ಯತ್ಯಾಸ ಮುಖ್ಯೋಪಾಧ್ಯಾಯರ ಜೇಬಿನಿಂದ ಹೋಗಿತ್ತು. ಧಾರಣೆಯ ಏರಿಳಿತವೆಂದರೇನೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಮೊಟ್ಟೆಯ ಮಡಿಯ ಬಗ್ಗೆ ಮಾತನಾಡಿದ ನಾಲ್ವರಲ್ಲಿ ಒಬ್ಬರೂ ಮೊಟ್ಟೆಯ ಬೆಲೆಯ ಬಗ್ಗೆ ಕೇಳಲಿಲ್ಲ. ಆ ದೂರು ನಮಗೂ ಸಲ್ಲುತ್ತದೆ.

ಅನಂತರ ಮಾಡಿನ ವಿಷಯ. ಹೆಂಚು ಸರಿದು ಮೂರನೆಯ ತರಗತಿಯ ಮೂಲೆ ಸೋರುತ್ತಿದೆ, ಪಕಾಸಿ ಲಡ್ಡಾಗಿದೆ. ಖರ್ಚಿಗೆ ಇರುವುದು ಸಮಗ್ರ ಶಿಕ್ಷಣ ಯೋಜನೆಯಿಂದ ಬರುವ ಶಾಲಾ ಅನುದಾನ. ಆ ಯೋಜನೆಯ ಮಾನದಂಡದಂತೆ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ. ಅದಕ್ಕೆ ಮೇಲ್ಪಟ್ಟು 100ರವರೆಗೆ 25,000, 250ರವರೆಗೆ 50,000. ಸೀಮೆಸುಣ್ಣದಿಂದ ವಿದ್ಯುತ್ ಬಿಲ್ಲಿನವರೆಗೆ ಎಲ್ಲವೂ ಇದರಲ್ಲೇ. ಹತ್ತನೆಯ ಒಂದು ಭಾಗ ಸ್ವಚ್ಛತೆಗೆ ಮೀಸಲು. ಮಳೆಗಾಲದಲ್ಲಿ ಕೊಳೆಗೆ ಬೋರ್ಡೋ ಹೊಡೆಸುವ ನಮ್ಮ ಸದಸ್ಯರಿಗೆ ಹತ್ತು ಸಾವಿರ ರೂಪಾಯಿ ಎಷ್ಟು ಹೊತ್ತು ನಿಲ್ಲುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಂಘದ ಲಾಭದಲ್ಲಿ ವರ್ಷವರ್ಷವೂ ಸಹಕಾರ ಶಿಕ್ಷಣ ನಿಧಿಗೆ ತೆಗೆದಿಡುತ್ತೇವಲ್ಲ, ಅದರಿಂದ ಕೊಡಬಾರದೇ ಎಂದು ಒಬ್ಬರು ಕೇಳಿದರು. ಆ ಹಣ ಊರ ಶಾಲೆಯ ಮಾಡಿಗೆ ಬರುವಂಥದಲ್ಲವೆಂದು ವಿವರಿಸಬೇಕಾಯಿತು.

ಆಗ ಮುಖ್ಯೋಪಾಧ್ಯಾಯರು ಹಾಜರಿ ಪುಸ್ತಕ ತೆರೆದು, “ಇಪ್ಪತ್ತೊಂಬತ್ತು ಸ್ವಾಮಿ. ಇನ್ನೆರಡು ಮಕ್ಕಳಿದ್ದಿದ್ದರೆ ಇಪ್ಪತ್ತೈದು ಸಾವಿರದ ಸಾಲಿಗೆ ಸೇರ್ತಿದ್ವಿ” ಎಂದರು. ಊರಿನಲ್ಲಿ ಮಕ್ಕಳೇ ಇಲ್ಲ ಮಾರಾಯ್ರೇ, ಎಲ್ಲಿಂದ ತರೋದು, ಎಂದು ಎಲ್ಲರೂ ನಕ್ಕರು. ನಾವೂ ನಕ್ಕೆವು.

ವಿಲೀನದ ಮಾತು ಸಭೆಯ ಕೊನೆಗೆ ಗಡಿಬಿಡಿಯಲ್ಲಿ ಬಂತು. 2018-19ರಲ್ಲಿ ಆರಂಭವಾದ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಹೆಚ್ಚಿಸುವುದಾಗಿ, ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಹೊಸದಾಗಿ 500 ಶಾಲೆ ಮಾಡುವುದಾಗಿ ಸರ್ಕಾರ 2025-26ರ ಆಯವ್ಯಯದಲ್ಲಿ ಹೇಳಿತು. ದೊಡ್ಡ ಶಾಲೆ, ಒಂದೇ ಆವರಣದಲ್ಲಿ ಎಲ್ಲ ತರಗತಿ, ಇಂಗ್ಲಿಷ್ ಮಾಧ್ಯಮದ ವಿಭಾಗ. ಅದರ ಗುಣಗಳನ್ನು ನಾವು ಅಲ್ಲಗಳೆಯುವುದಿಲ್ಲ. ಬಡವರ ಮಕ್ಕಳಿಗೂ ಇಂಗ್ಲಿಷ್ ಬೇಕೆನ್ನುವವರನ್ನು ಹಳದಿ ವ್ಯಾನು ಹತ್ತಿಸಿದ ನಾವು ತಡೆಯುವುದು ನಾಚಿಕೆಗೇಡು. ಆದರೆ ಸುತ್ತಲಿನ ಸಣ್ಣ ಶಾಲೆಗಳು ಅದರಲ್ಲಿ ಕರಗಿಹೋದರೆ ನಮ್ಮ ಕಡೆಯ ಮಕ್ಕಳು ನಡೆಯುವ ದಾರಿ ಯಾವುದೆಂದು ನೋಡಬೇಕು. ಬಯಲುಸೀಮೆಯ ಐದು ಕಿಲೋಮೀಟರ್ ಬೇರೆ, ಆನೆ ಓಡಾಡುವ ಕಾಫಿ ತೋಟದ ಐದು ಕಿಲೋಮೀಟರ್ ಬೇರೆ. ಆಷಾಢದಲ್ಲಿ ಕಾಲುಸಂಕ ದಾಟುವ ಮಗುವಿಗೆ ಒಂದು ಕಿಲೋಮೀಟರೂ ದೂರವೇ. ಒಂದರಿಂದ ಐದನೆಯ ತರಗತಿಗೆ ಒಂದು ಕಿಲೋಮೀಟರೊಳಗೆ ಶಾಲೆಯಿರಬೇಕೆಂದು ಹಕ್ಕಿನ ನಿಯಮಗಳು ಹೇಳಿರುವುದು ಇಂಥ ಕಾರಣಕ್ಕೇ ಎಂದು ನಮ್ಮ ಭಾವನೆ. ಶಾಲೆಯನ್ನು ಉಳಿಸಿಕೊಡಬೇಕೆಂದು ಸಭೆ ಠರಾವು ಮಾಡಿತು. ಮಕ್ಕಳ ಸಂಖ್ಯೆ ಇಪ್ಪತ್ತೊಂಬತ್ತೆಂದು ಅದೇ ಠರಾವಿನಲ್ಲಿ ಬರೆಯಿತು. ನಾವು ಸಹಿ ಮಾಡಿ ಮನೆಗೆ ಬಂದೆವು.

ಬರುವಾಗ ದಾರಿ ನಮ್ಮ ಲೈನಿನ ಮುಂದೆ ಹಾದುಬರುತ್ತದೆ. ಅಸ್ಸಾಮಿನಿಂದ ಬಂದ ಒಂದು ಸಂಸಾರ ಅಲ್ಲಿ ಹಿಂದಿನ ಜೂನ್ ತಿಂಗಳಿನಿಂದ ಇತ್ತು. ಗಂಡಹೆಂಡಿರಿಬ್ಬರೂ ಒಳ್ಳೆಯ ಕೆಲಸಗಾರರು. ಮರಗಸಿಯಿಂದ ಹಿಡಿದು ಕೊಯ್ಲಿನವರೆಗೆ ಒಂದು ದಿನವೂ ತಪ್ಪಿಸಿದವರಲ್ಲ. ಜಗಲಿಯಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಕುಳಿತಿದ್ದಳು. ಆರು ತುಂಬಿದ ಅವಳ ತಮ್ಮ ಉದುರು ಕಾಫಿಯ ಬುಟ್ಟಿಯೊಂದಿಗೆ ಆಡುತ್ತಿದ್ದ. ಆಡುತ್ತಿದ್ದನೋ ಹೆಕ್ಕುತ್ತಿದ್ದನೋ ಎಂದು ಹೇಳುವುದು ಕಷ್ಟ. ಕಿಲೋ ಲೆಕ್ಕದ ಕೊಯ್ಲಿನಲ್ಲಿ ಆಟ ಎಲ್ಲಿ ಮುಗಿದು ಕೂಲಿ ಎಲ್ಲಿ ಶುರುವಾಗುತ್ತದೆಂಬುದು ನಮಗೆಲ್ಲ ಗೊತ್ತಿದ್ದೂ ನಾವು ವಿಚಾರಿಸದ ವಿಷಯ. ಇಪ್ಪತ್ತೊಂಬತ್ತಕ್ಕೆ ಎರಡು ಸೇರಿದರೆ ಮೂವತ್ತೊಂದು. ಶಾಲೆ ಅಲ್ಲಿಂದ ಕೂಗಳತೆಯಲ್ಲಿದೆ. ಏಳೆಂಟು ತಿಂಗಳು ಆ ಮಕ್ಕಳು ನಮ್ಮ ಕಣ್ಣಮುಂದೆ ಓಡಾಡಿದ್ದರು. ದಿನಾ ಬೆಳಿಗ್ಗೆ ತಾಯಿಯ ಹಾಜರಿ ಹಾಕಿದ ನಾವು ಮಕ್ಕಳ ಹಾಜರಿ ಎಲ್ಲೆಂದು ಒಂದು ದಿನ ಕೇಳಿರಲಿಲ್ಲ.

ಆ ಸಂಜೆ ತಂದೆಯನ್ನು ಕೇಳಿದಾಗ ತಿಳಿದದ್ದು ಇಷ್ಟು. ಮಗಳು ಊರಿನಲ್ಲಿ ಶಾಲೆಗೆ ಹೋಗುತ್ತಿದ್ದಳು. ಇಲ್ಲಿ ಸೇರಿಸಲು ವರ್ಗಾವಣೆ ಪತ್ರ ಬೇಕು, ಜನನ ಪತ್ರ ಬೇಕು ಎಂದು ಯಾರೋ ಹೇಳಿದ್ದರು. ಕಾಗದ ಎಂಬ ಶಬ್ದ ಕಿವಿಗೆ ಬಿದ್ದರೆ ಇವರು ಹಿಂದೆ ಸರಿಯುತ್ತಾರೆ. ನೀವು ಎಲ್ಲಿಯವರು, ಯಾವ ದೇಶದವರು ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆಂದು ಅವರಿಗೆ ಅನುಭವವಿದೆ. ವಾಸ್ತವದಲ್ಲಿ ಕಾಯ್ದೆ ಇವರ ಪರವಾಗಿದೆ. ವಯಸ್ಸಿನ ದಾಖಲೆಯಿಲ್ಲವೆಂದು ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ವರ್ಗಾವಣೆ ಪತ್ರ ತಡವಾಯಿತೆಂದು ನಿರಾಕರಿಸುವಂತಿಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರಿಸಿ, ಹಿಂದೆ ಬಿದ್ದದ್ದನ್ನು ಬೇರೆಯಾಗಿ ಹೇಳಿಕೊಡಬೇಕು. ಮರುದಿನ ನಾವೇ ಇಬ್ಬರನ್ನೂ ಕರೆದುಕೊಂಡು ಹೋದೆವು. ಮುಖ್ಯೋಪಾಧ್ಯಾಯರು ಹತ್ತು ನಿಮಿಷದಲ್ಲಿ ಹೆಸರು ಬರೆದುಕೊಂಡರು. ಇಷ್ಟು ಸುಲಭದ ಕೆಲಸವೆಂದು ತಿಳಿದಾಗ ನಮಗೆ ಆದದ್ದು ಸಂತೋಷವಲ್ಲ. ಕೂಸನ್ನು ಯಾರು ನೋಡಿಕೊಳ್ಳಬೇಕೆಂಬ ಪ್ರಶ್ನೆ ಉಳಿಯಿತು. ನಮ್ಮ ಮನೆಯ ಕೆಲಸಕ್ಕೆ ಬರುವ ವಯಸ್ಸಾದ ಹೆಂಗಸಿಗೆ ಸ್ವಲ್ಪ ಹೆಚ್ಚು ಕೊಟ್ಟು ಅದನ್ನೂ ಒಂದು ರೀತಿ ಹೊಂದಿಸಿದ್ದೇವೆ. ಪೂರ್ತಿ ಹೊಂದಿದೆ ಎಂದು ಹೇಳಲಾರೆವು.

ದೊಡ್ಡ ಎಸ್ಟೇಟುಗಳ ಕಥೆ ಬೇರೆ. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ಕೆಲಸಗಾರರ ಮಕ್ಕಳು 25ಕ್ಕಿಂತ ಹೆಚ್ಚಿದ್ದ ಕಡೆ ಶಾಲೆಯ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಲು ಅವಕಾಶವಿತ್ತು. 50 ಹೆಂಗಸರಿದ್ದ ಕಡೆ ಕೂಸಿನ ಮನೆಯಿರಬೇಕಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಎರಡು ಎಕರೆ, ಐದು ಎಕರೆಯ ನಮ್ಮಂಥವರನ್ನು ಆ ಹಳೆಯ ಕಾಯ್ದೆ ಮುಟ್ಟಿರಲೇ ಇಲ್ಲ. ನಮ್ಮ ಲೈನಿನಲ್ಲಿ ಒಂದು ಸಂಸಾರ, ಪಕ್ಕದವರಲ್ಲಿ ಎರಡು. ಯಾವ ಲೆಕ್ಕಕ್ಕೂ ಸಿಗದ ಮಕ್ಕಳು. ಇವರಿಗಿರುವುದು ಊರ ಸರ್ಕಾರಿ ಶಾಲೆಯೊಂದೇ, ಮತ್ತು ಈಗಿನ ಸ್ಥಿತಿಯಲ್ಲಿ ಆ ಶಾಲೆಗಿರುವುದೂ ಇವರೇ.

ಮುಂದಿನ ಸಭೆಯನ್ನು ಸಂತೆಯ ದಿನ ಸಂಜೆ ನಾಲ್ಕಕ್ಕೆ ಇಡಿಸಬೇಕೆಂದು ನಾವು ಅಧ್ಯಕ್ಷರಲ್ಲಿ ಕೇಳಿಕೊಂಡೆವು. ಬಂದ ಪಾಲಕರು ಹದಿನಾಲ್ಕು ಮಂದಿ, ಅವರಲ್ಲಿ ಒಂಬತ್ತು ಹೆಂಗಸರು. ಬೆಳೆಗಾರರು ಹಿಂದಿನ ಬೆಂಚಿನಲ್ಲಿ ಕುಳಿತೆವು, ಮಾತು ಕಡಿಮೆ. ಮೊಟ್ಟೆಯ ವಿಷಯ ಐದು ನಿಮಿಷದಲ್ಲಿ ಮುಗಿಯಿತು. ಬೇಕು ಎಂದರು, ಮುಂದಿನದಕ್ಕೆ ಹೋದರು. ನಮ್ಮ ಲೈನಿನ ಹೆಂಗಸು ಕೊನೆಯಲ್ಲಿ ಎದ್ದು ನಿಂತು ಹಿಂದಿಯಲ್ಲಿ ಏನೋ ಕೇಳಿದಳು. ಸಹಶಿಕ್ಷಕಿ ಅದನ್ನು ಕನ್ನಡದಲ್ಲಿ ಹೇಳಲು ಸ್ವಲ್ಪ ತಡವರಿಸಿದರು. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಏಕೆ ಹಾಕಿದೆ, ಮಗಳು ದಿನಾ ಕಾಫಿ ಗಿಡದ ಮರೆಗೆ ಹೋಗುತ್ತಾಳೆ, ಅಲ್ಲಿ ಹಾವಿದೆ ಎಂದು ಅವಳ ಪ್ರಶ್ನೆ. ನೀರಿನ ಪೈಪು ಒಡೆದು ಬಹಳ ದಿನವಾಗಿತ್ತಂತೆ, ಗಲೀಜಾಗುತ್ತದೆಂದು ಬೀಗ ಹಾಕಿದ್ದರಂತೆ, ಕೀಲಿ ಕಚೇರಿಯ ಡ್ರಾಯರಿನಲ್ಲಿತ್ತು. ಎರಡೂವರೆ ಗಂಟೆ ಶಾಲೆಯ ಹಿತದ ಬಗ್ಗೆ ಮಾತನಾಡಿದ್ದ ನಮ್ಮಲ್ಲಿ ಯಾರೂ ಹಿತ್ತಲಿಗೆ ಹೋಗಿ ನೋಡಿರಲಿಲ್ಲ. ತೋಟಕ್ಕೆ ತಂದಿದ್ದ ಪೈಪಿನಲ್ಲಿ ಉಳಿದಿದ್ದ ಎರಡು ತುಂಡಿನಿಂದ ಆ ವಾರವೇ ಅದು ಸರಿಯಾಯಿತು.

ಸದಸ್ಯರ ಮುಂದೆ ನಮ್ಮ ಬಿನ್ನಹವಿಷ್ಟು. ತಮ್ಮ ತೋಟದಲ್ಲಿ ಕೆಲಸ ಮಾಡುವ ಪಾಲಕರಿಗೆ ಶಾಲಾ ಸಮಿತಿಯ ಸಭೆಯ ದಿನ ಅರ್ಧ ದಿನದ ಬಿಡುವನ್ನು ಕೂಲಿ ಕಡಿಯದೆ ಕೊಡಬೇಕು. ವರ್ಷಕ್ಕೆ ಆರು ಸಭೆಯಾದರೂ ಒಬ್ಬರಿಗೆ ಮೂರು ಆಳಿನ ಕೂಲಿ. ಸ್ಪ್ರಿಂಕ್ಲರಿನ ಮೋಟಾರು ಒಂದು ದಿನ ಕೆಟ್ಟರೆ ನಮಗಾಗುವ ನಷ್ಟ ಇದಕ್ಕಿಂತ ಹೆಚ್ಚು. ಕೊಯ್ಲಿನ ಭರದಲ್ಲಿ ಆಳಿಗೆ ರಜೆ ಕೊಟ್ಟರೆ ಹಣ್ಣು ಉದುರುವುದಿಲ್ಲವೇ ಎಂದು ಈಗಾಗಲೇ ಇಬ್ಬರು ಕೇಳಿದ್ದಾರೆ. ಉದುರುತ್ತದೆ, ಸ್ವಲ್ಪ ಉದುರುತ್ತದೆ. ನಾಲ್ಕು ತಿಂಗಳಿದ್ದು ಹೋಗುವವರ ಮಕ್ಕಳನ್ನು ಸೇರಿಸಿ ಏನು ಫಲ ಎಂದು ಕೇಳಿದವರೂ ಇದ್ದಾರೆ. ನಾಲ್ಕು ತಿಂಗಳು ಕಲಿತ ಮಗು ಹೋಗುವಾಗ ಕೈಯಲ್ಲೊಂದು ವರ್ಗಾವಣೆ ಪತ್ರ ಹಿಡಿದು ಹೋಗುತ್ತದೆ. ಮುಂದಿನ ಊರಿನಲ್ಲಿ ಬಾಗಿಲು ತಟ್ಟಲು ಅದೊಂದು ಆಧಾರ. ಅಡಿಕೆ ಸುಲಿಯುವ ಮನೆಗಳಲ್ಲಿ ರಾತ್ರಿ ಹತ್ತರವರೆಗೆ ಚಿಕ್ಕ ಮಕ್ಕಳನ್ನು ಮೆಟ್ಟುಗತ್ತಿಯ ಮುಂದೆ ಕೂರಿಸಿಕೊಳ್ಳುವ ಅಭ್ಯಾಸವನ್ನೂ ಬಿಡಬೇಕೆಂದು ಹೇಳಬೇಕಾಗಿದೆ. ಹಗಲು ಅವರು ಶಾಲೆಯಲ್ಲಿ ನಿದ್ದೆ ಮಾಡುತ್ತಾರೆಂದು ಶಿಕ್ಷಕಿಯ ದೂರು.

ತಮ್ಮ ತಮ್ಮ ಲೈನುಗಳಲ್ಲಿರುವ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಹೆಸರು, ವಯಸ್ಸು ಬರೆದು ಸಂಘದ ಕಚೇರಿಯಲ್ಲಿ ಕೊಟ್ಟರೆ, ಕಾಫಿ ತೂಕದ ದಿನ ನಾವೇ ಪಟ್ಟಿಯನ್ನು ಹತ್ತಿರದ ಶಾಲೆಗಳಿಗೆ ತಲುಪಿಸುತ್ತೇವೆ. ಕಾಗದಪತ್ರ ಇಲ್ಲದಿದ್ದರೂ ಹೆಸರು ಬರೆಯಿರಿ. ಈ ಕೊಯ್ಲಿಗೆ ನಮ್ಮ ಲೈನಿಗೆ ಹೊಸದಾಗಿ ಬಂದ ಸಂಸಾರದಲ್ಲಿ ಏಳು ವರ್ಷದ ಒಬ್ಬ ಹುಡುಗನಿದ್ದಾನೆ. ಪಟ್ಟಿಯ ಮೊದಲ ಸಾಲಿನಲ್ಲಿ ಅವನ ಹೆಸರು ಬರೆದಿಟ್ಟಿದ್ದೇವೆ.